ಕಂಬಳಿ ಹೊದ್ದ ಕಂಪ್ಯೂಟರ್

“ಸೋಲಾಪುರದ ಅಂಗಡಿಯವ್ರು ಈ ಕಂಪ್ಯೂಟರ್ ಫಾರ್ಮ್ಯಾಟ್ ಮಾಡ್ಬೇಕು ಅಂದ್ರೇನ್ರಿ? ಹಂಗ ಮಾಡಿದ್ರ ಒಳಗಿಂದೆಲ್ಲಾ ಅಳಿಸಿ ಹೋಗ್ತದ, ಮಾವಶಿ,” ಎಂದ ಅಕ್ಕಲಕೋಟದಿಂದ ತಡವಳ ಹಳ್ಳಿಗೆ ಬಂದಿದ್ದ ರಿಪೇರಿ ಶಿವಶರಣ.

“ಅದಕ್ಕ ಹೊಳ್ಳಿ ಮನೀಗೆ ತಂದೀನಿ ತಮ್ಮಾ. ಹಾಡು ಹೋಗಬಾರ್ದು ನೋಡು,” ಎಂದಳು ಮುಕ್ತಾಬಾಯಿ.

ಗಂಡ ಹಣಮಂತಪ್ಪ ಹಾಡಿದ, ಕುರುಬರ ದೇವರು ಬೀರೋಬನ ಇಪ್ಪತ್ತೆರಡು ಹಾಡುಗಳು ಆ ಕಂಪ್ಯೂಟರಿನಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಗಂಟಲಿನ ಆಪರೇಶನ್ ಆದಮೇಲೆ ಅವನಿಗೆ ಮಾತೇ ಹೊರಡುತ್ತಿರಲಿಲ್ಲ. ಈಗ ಮೂಲೆಯಲ್ಲಿ ಕೂತು ಶಿವಶರಣನ ಕೈಯನ್ನೇ ನೋಡುತ್ತಿದ್ದ.

ಡಬ್ಬಿ ಬಿಚ್ಚಿದ ಶಿವಶರಣ ನಕ್ಕುಬಿಟ್ಟ. “ಇದ್ರಾಗ ಕುರಿ ಸಾಕೀರೇನ್ರಿ?” ಒಳಗಿನ ಫ್ಯಾನಿಗೆ ಕರಿ ಉಣ್ಣೆ ಸುತ್ತಿಕೊಂಡು, ಅದು ತಿರುಗದಂತಾಗಿತ್ತು.

ಮುಕ್ತಾಬಾಯಿ ಬಗ್ಗಿ ನೋಡಿದಳು; ಅದು ಕಂಬಳಿಯ ಉಣ್ಣೆಯೇ. ಧೂಳು ಬೀಳದಿರಲೆಂದು ದಿನಾ ಕಂಬಳಿ ಹೊದಿಸುತ್ತಿದ್ದವಳು ಅವಳೇ. ಕಂಪ್ಯೂಟರ್ ಹಚ್ಚಿದಾಗಲೂ ತೆಗೆಯುತ್ತಿರಲಿಲ್ಲ.

“ನಾನೇ ಹೊಚ್ಚಿದ್ದೆ... ಕಾದು ಕಾದು ಹಾಡೂ ಸುಟ್ಟು ಹೋಗ್ಯಾವೇನೋ?”

“ತಡೀರಿ. ಮೊದಲಿಗೆ ಹಾಡು ತಗೀತೀನಿ, ರಿಪೇರಿ ಆಮ್ಯಾಲೆ.”

ಹಾರ್ಡ್ ಡಿಸ್ಕ್ ಕಳಚಿ ತನ್ನ ಲ್ಯಾಪ್‌ಟಾಪಿಗೆ ಜೋಡಿಸಿದ. ಪರದೆ ಬಹಳ ಹೊತ್ತು ಖಾಲಿಯೇ ಇತ್ತು. ಗಂಡನ ಮುಖ ನೋಡಲು ಮುಕ್ತಾಬಾಯಿಗೆ ಧೈರ್ಯ ಬರಲಿಲ್ಲ. ಕಡೆಗೆ ಹಾಡಿನ ಹೆಸರುಗಳು ಒಂದೊಂದಾಗಿ ಮೂಡತೊಡಗಿದವು. ಶಿವಶರಣ ಬೆರಳಿಟ್ಟು ಎಣಿಸಿದ.

“ಇಪ್ಪತ್ತೆರಡೂ ಅದಾವ್ರಿ! ಪೆನ್‌ಡ್ರೈವಿಗೂ ಒಂದು ಕಾಪಿ ಹಾಕ್ತೀನಿ. ಒಂದು ಹಚ್ಚಲೇನ್ರಿ, ಕಾಕಾ?”

ಹಣಮಂತಪ್ಪ ಕೈಯೆತ್ತಿ ತಡೆದ. ಎದ್ದು ಬಂದು, ಅದೇ ಕಂಬಳಿಯನ್ನು ಅಂಗಳದಲ್ಲಿ ಚೆನ್ನಾಗಿ ಜಾಡಿಸಿ, ದೇವರ ಹಾಡಿಗೆ ಕೂಡುವಾಗ ಹಾಸುವಂತೆ ನೆಲಕ್ಕೆ ಹಾಸಿದ. ಹೆಂಡತಿಗೆ ಜಾಗ ಬಿಟ್ಟು ಕೂತು, ಇನ್ನು ಹಚ್ಚು ಎಂದು ತಲೆಯಾಡಿಸಿದ.