ಮೈಲೂರ ಮನೆಗೆ ಗಿರಾಕಿ

"ಒಲಿ ಹಚ್ಚು! ಲಗೂನ ಒಲಿ ಹಚ್ಚು! ಬಂದ್ರು!"

ಸೋರದಿರಲೆಂದು ಮಾಳಿಗೆಯ ಮೇಲೆ ಸವಳು ಮಣ್ಣು ತುಳಿಯುತ್ತಿದ್ದ ಹಾವಗೆಪ್ಪ ಬೆಳಕಿಂಡಿಯಲ್ಲಿ ತಲೆ ತೂರಿಸಿ ಕೂಗಿದ. ತಲೆಯ ಜೊತೆ ಒಂದಿಷ್ಟು ಮಣ್ಣೂ ಇಳಿದು ಅವನ ಹೆಂಡತಿ ಅನುಸೂಯಾಬಾಯಿ ನಾದುತ್ತಿದ್ದ ಜೋಳದ ಹಿಟ್ಟಿಗೆ ಬಿತ್ತು.

"ಮೊದಲ ಅಲ್ಲಿಂದ ಮಾರಿ ತಗೀರಿ," ಎಂದಳು ಅವಳು. "ರೊಟ್ಟ್ಯಾಗ ಮಣ್ಣ ಬೀಳ್ಲತ್ತದ."

"ರೊಟ್ಟಿ ಯಾರಿಗಿ ಬೇಕಾಗ್ಯಾದ? ಹೊಗಿ ಬೇಕು, ಹೊಗಿ! ಟಾಂಗಾ ಮೂಲಿ ತಿರುಗ್ಯಾದ."

ಹೊಗೆ ಹಾವಗೆಪ್ಪನ ವ್ಯಾಪಾರದ ಗುಟ್ಟು. ಪೋಲೀಸ್ ಆ್ಯಕ್ಷನ್ ಆಗಿ ನಿಜಾಮನ ದರ್ಬಾರು ಮುಗಿದ ಮೇಲೆ, ಹೈದರಾಬಾದಿಗೋ ಇನ್ನೆಲ್ಲಿಗೋ ಹೊರಟವರ ಮನೆಗಳು ಬೀದರ ಸೀಮೆಯಲ್ಲಿ ಅಗ್ಗಕ್ಕೆ ಸಿಗುತ್ತಿದ್ದವು. ಕೊಳ್ಳುವ ಆಸೆ ಎಲ್ಲರಿಗೂ ಇತ್ತು. ಆದರೆ ಖಾಲಿ ಮನೆಯ ಹೊಸ್ತಿಲು ದಾಟುವಾಗ, ಒಳಗೆ ಯಾರೋ ಮಲಗಿದ್ದಾರೇನೋ ಎನ್ನುವ ಹಾಗೆ ಎಲ್ಲರೂ ದನಿ ತಗ್ಗಿಸುತ್ತಿದ್ದರು. ಒಂದು ಸುತ್ತು ಹಾಕಿ, ಆಮೇಲೆ ಹೇಳುತ್ತೇವೆ ಎಂದು ಹೋಗಿಬಿಡುತ್ತಿದ್ದರು. ಹಾವಗೆಪ್ಪ ಇದನ್ನು ನೋಡಿ ನೋಡಿ ಒಂದು ಉಪಾಯ ಹುಡುಕಿದ್ದ. ಹಾಳುಬಿದ್ದ ಮನೆ ಕೊಳ್ಳುವುದು, ಹೆಂಡತಿಯ ಸಮೇತ ಅದರಲ್ಲೇ ಬಿಡಾರ ಹೂಡುವುದು, ರಿಪೇರಿ ಮಾಡುತ್ತ ಒಲೆ ಉರಿಸುವುದು. ಹೊಗೆಯಾಡುವ ಮನೆಗೆ ಯಾರೂ ಹೆದರುವುದಿಲ್ಲ. ಸುಣ್ಣ ಅವನದು, ಹೊಗೆ ಅವಳದು.

ಹೀಗೆ ಭಾಲ್ಕಿಯದು ಮಾರಾಯಿತು, ಕಮಲನಗರದ್ದು ಮಾರಾಯಿತು, ಬೀದರಿನ ಕೋಟೆಯ ಬದಿಯದೂ ಮಾರಾಯಿತು. ಅನುಸೂಯಾಬಾಯಿಗೆ ಉಳಿದದ್ದು ಹಣೆಯ ಬುಗುಟು. ನಿದ್ದೆಗಣ್ಣಿನಲ್ಲಿ ಎದ್ದು ಭಾಲ್ಕಿಯ ಬಾಗಿಲಿದ್ದ ಕಡೆ ನಡೆದು ಕಮಲನಗರದ ಗೋಡೆಗೆ ಹಾಯುತ್ತಿದ್ದಳು. ಕಮಲನಗರದ ಬಾಗಿಲು ಮೈಗೂಡುವಷ್ಟರಲ್ಲಿ ಬೀದರಿನ ಗೋಡೆ ಬಂದಿರುತ್ತಿತ್ತು. ಮೈಲೂರಿನ ಈ ಮನೆಯನ್ನು ಹೈದರಾಬಾದಿಗೆ ಹೊರಟಿದ್ದ ಮುನೀರೋದ್ದೀನ ಸಾಹೇಬರಿಂದ ಕೊಂಡು ಒಂದು ಮಳೆಗಾಲ ಕಳೆದಿತ್ತು. ಇಲ್ಲಿ ಅವಳು ಕಣ್ಣು ಮುಚ್ಚಿಕೊಂಡೂ ಬಚ್ಚಲಿಗೆ ಹೋಗಿ ಬರುತ್ತಿದ್ದಳು. ಇದನ್ನು ಮಾತ್ರ ಬಿಡಬಾರದು ಎಂದು ಅವಳ ಕಾಲುಗಳೇ ತೀರ್ಮಾನಿಸಿದ್ದವು.

ಆದರೂ ಒಲೆ ಹಚ್ಚಿದಳು. ಹಿಟ್ಟು ನಾದಿ ಆಗಿತ್ತಲ್ಲ.

ಟಾಂಗಾದಿಂದ ಇಳಿದವರು ಔರಾದಿನ ತೊಗರಿ ವ್ಯಾಪಾರಿ ಮಲ್ಲಿಕಾರ್ಜುನಪ್ಪ ಮತ್ತು ಅವನ ಹೆಂಡತಿ ಶೇವಂತಾಬಾಯಿ. ಅವನು ಹೊಗೆ ನೋಡಿ ನಿರಾಳವಾದ. ಅವಳು ಬೆರಳಿನ ಗೆಣ್ಣಿನಿಂದ ಗೋಡೆ ಬಡಿಯುತ್ತ ಬಂದಳು.

"ಸಾವ್ಕಾರ್ರೆ, ಈ ತೊಲಿ ನೋಡ್ರಿ," ಹಾವಗೆಪ್ಪ ಕೈ ಮೇಲೆತ್ತಿದ. "ಬೇಕಾದ್ರ ಮಾಳಿಗಿ ಮ್ಯಾಲ ಆನಿ ನಿಂದ್ರಸ್ರಿ!"

"ಆನಿ ಬ್ಯಾಡ್ರಿ," ಅಡುಗೆಮನೆಯಿಂದ ದನಿ ಬಂತು. "ಬೆಕ್ಕು ಓಡಾಡಿದ್ರೂ ಮಣ್ಣ ಉದುರ್ತದ. ತೊಲಿಗಿ ಗೆದ್ದಲ ಹತ್ಯಾದ. ಮ್ಯಾಲ ಸುಣ್ಣ ಬಳದಾರ, ಅಷ್ಟೇ."

ಹಾವಗೆಪ್ಪನ ನಗು ಕೆಮ್ಮಾಯಿತು. "ನಮ್ಮಾಕಿ ಭಾಳ ಮಷ್ಕಿರಿ ಮಾಡ್ತಾಳ್ರಿ. ಬರ್ರಿ, ಬಾವಿ ನೋಡ್ರಿ. ಸಕ್ರಿಯಂಥಾ ನೀರು!"

"ಬ್ಯಾಸಗ್ಯಾಗ ಸವಳಾಗ್ತದ. ಬ್ಯಾಳಿ ಕುದಿಯಂಗಿಲ್ಲ."

"ಬ್ಯಾಳಿ ಕುದಿಯಂಗಿಲ್ಲ?" ತೊಗರಿ ವ್ಯಾಪಾರಿಯ ಮುಖ ಇಳಿಯಿತು.

"ಒಂದು ಕಟ್ಟಿಗಿ ಹೊರಿ ಸುಟ್ಟರೂ ಇಲ್ರಿ. ಮತ್ತ ಪಡಸಾಲ್ಯಾಗ ಮಳಿ ಬಂದಾಗ ಬುಟ್ಟಿ ಇಡಬೇಕಾಗ್ತದ."

ಗಂಡಸರಿಬ್ಬರೂ ಒಬ್ಬರನ್ನೊಬ್ಬರು ನೋಡದೆ ನಿಂತರು. ಶೇವಂತಾಬಾಯಿ ಮಾತ್ರ ಗೋಡೆ ಬಡಿಯುವುದನ್ನು ಬಿಟ್ಟು ಒಲೆಯ ಮುಂದೆ ಬಂದು ಕೂತಳು.

"ಇವತ್ತ ಮುಂಜಾನಿಂದ ಮನಿ ನೋಡ್ಕೋತ ಬಂದೀವಿ ತಂಗಿ. ಎಲ್ಲಾ ಕಡಿಗೂ ಆನಿ ನಿಂದ್ರೋ ತೊಲಿನೇ, ಎಲ್ಲಾ ಕಡಿಗೂ ಸಕ್ರಿ ನೀರೇ! ನಂಬೋದರ ಯಾರನ್ನ? ಇಲ್ಲಿ ಏನ್ ಖೋಟ್ ಅದ ಅಂತ ಗೊತ್ತಾತು. ತೊಲಿ ಬದಲಿ ಮಾಡ್ಸಿದ್ರಾತು, ನೀರು ಓಣಿ ಬಾವಿಯಿಂದ ತಂದ್ರಾತು." ಗಂಡನ ಕಡೆ ತಿರುಗಿದಳು. "ಕೇಳ್ರಿ, ಇದೇ ಮನಿ."

ಅನುಸೂಯಾಬಾಯಿಯ ರೊಟ್ಟಿ ಹೆಂಚಿನ ಮೇಲೆ ಹೊತ್ತಿತು.

ಹಾವಗೆಪ್ಪ ಅವಳನ್ನು ಹಿತ್ತಲಿಗೆ ಎಳೆದುಕೊಂಡು ಹೋದ. ಕಣ್ಣಲ್ಲಿ ದೀಪಾವಳಿ. "ಏನ್ ತಲಿ ನಿಂದು! ನಾ ಸುಳ್ಳ ಹೇಳಿ ಮಾರೋದು, ನೀ ಖರೇ ಹೇಳಿ ಮಾರೋದು! ಔರಾದದಾಗ ಒಂದು ವಾಡೆ ನೋಡಿ ಬಂದೀನಿ, ಮಾಳಿಗಿ ಅರ್ಧಾ ಬಿದ್ದದ, ಆದ್ರ ಬಾಗಿಲ ಅಂದ್ರ ಬಾಗಿಲ. ಈ ಸಲ ನಿನ್ನ ಹೆಸರಿಗೇ ಬರಸ್ತೇನಿ."

"ನನಗ ಔರಾದ ಬ್ಯಾಡ. ಈ ಮನಿ ಮಾರಬ್ಯಾಡ್ರಿ."

"ಭಾಲ್ಕ್ಯಾಗೂ ಹಿಂಗೇ ಅಂದಿದ್ದಿ."

"ಅಲ್ಲಿ ಅಳ್ಕೋತ ಅಂದಿದ್ದೆ. ಈಗ ಅಳ್ಲತ್ತೀನೇನು ನೋಡ್ರಿ."

ಅವನು ನೋಡಲಿಲ್ಲ. ಒಳಗಿನಿಂದ ಶೇವಂತಾಬಾಯಿ ಕರೆಯುತ್ತಿದ್ದಳು.

ಈ ಸೀಮೆಯವರು ಮಾತು ಗಂಡಸಿನ ಜೊತೆ ಆಡಿದರೂ ಮನೆಯ ಬಯಾನಾ, ಅಂದರೆ ಮುಂಗಡ, ಕೊಡುವುದು ಮನೆಯಾಕೆಯ ಉಡಿಗೆ. ಒಲೆ ಹಚ್ಚಿದವಳು ಸೆರಗೊಡ್ಡಿ ಪಡೆದರೆ ಮುಗಿಯಿತು, ಮನೆ ಕೈ ಬದಲಾದಂತೆ. ಭಾಲ್ಕಿಯಲ್ಲೂ ಕಮಲನಗರದಲ್ಲೂ ಅನುಸೂಯಾಬಾಯಿ ಹಾಗೇ ಪಡೆದಿದ್ದಳು. ತುಂಬಿದ ಉಡಿಯನ್ನು ಬೇಡ ಅಂದ ಮುತ್ತೈದೆಯನ್ನು ಅವರ್ಯಾರೂ ಕಂಡಿರಲಿಲ್ಲ.

ಶೇವಂತಾಬಾಯಿ ಟಾಂಗಾದಿಂದ ಉಡಿಯ ಸಾಮಾನು ತರಿಸಿ ಅನುಸೂಯಾಬಾಯಿಗೆ ಕುಂಕುಮ ಹಚ್ಚಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಹಸಿರು ಖಣ, ಅದರ ಮೇಲೆ ಬಯಾನಾದ ಕಲ್ದಾರ ರೂಪಾಯಿ ನಾಣ್ಯ ಇಟ್ಟ ಮೊರವನ್ನು ಎತ್ತಿ ಹಿಡಿದಳು.

"ಹಿಡಿ ತಂಗಿ, ಸೆರಗು ಹಿಡಿ."

ಮಲ್ಲಿಕಾರ್ಜುನಪ್ಪ ರುಮಾಲು ಸರಿಮಾಡಿಕೊಂಡ. ಹಾವಗೆಪ್ಪ ಹಿಂದಿನಿಂದ, "ಹಿಡೀ, ಹಿಡೀ," ಎಂದ, ಮಗುವಿಗೆ ಔಷಧ ಕುಡಿಸುವವನ ಹಾಗೆ.

ಅನುಸೂಯಾಬಾಯಿ ಸೆರಗನ್ನು ಸುತ್ತಿ ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿದಳು.

"ಒಲ್ಲೆ."