ಒಳಪದರದ ಗೆರೆ

ಅಳಿಯ ಮರದ ಅಚ್ಚು ತಂದ ದಿನದಿಂದ ಮಾವನ ತಲೆಗೆ ಹುಳ ಹೊಕ್ಕಿತ್ತು. ಮೂವತ್ತು ವರ್ಷ ಅವನು ಡೈನಮೋದ ಕಬ್ಬಿಣದ ಉರುಳೆಯ ಮೇಲೆ, ನೂಲು ಹೊದಿಸಿದ ತಾಮ್ರದ ತಂತಿಯನ್ನು ನೇರವಾಗಿ ಕೈಯಿಂದಲೇ ಸುತ್ತಿದವನು. ಒಂದು ಉರುಳೆಗೆ ಹನ್ನೆರಡು ದಿನ. ಸುರುಳಿಗಳನ್ನು ಅಚ್ಚಿನ ಮೇಲೆ ಮೊದಲೇ ಸುತ್ತಿ, ಅರಗು ಬಳಿದು ಒಣಗಿಸಿ, ಉರುಳೆಯ ಸೀಳುಗಳಲ್ಲಿ ಕೂರಿಸಿದರೆ ಮೂರೇ ದಿನ. ಇಬ್ಬರೂ ಅಚ್ಚಿನ ಮೇಲೆ ಸುತ್ತಲಿ, ಪರೀಕ್ಷೆಯಲ್ಲಿ ಯಾರ ಸುರುಳಿ ನಿಲ್ಲುತ್ತದೋ ಅವನೇ ಇನ್ನು ಮೇಸ್ತ್ರಿ ಎಂದುಬಿಟ್ಟಿದ್ದ ಕಾರ್ಖಾನೆಯ ಯಜಮಾನ.

ಇಬ್ಬರ ಸುರುಳಿಗಳೂ ಒಣಗುವುದು ಒಂದೇ ಹಲಗೆಯ ಮೇಲೆ. ಅಳಿಯ ದಿನಾ ಬೇಗ ಬರುತ್ತಿದ್ದ. ಯಾಕೆ ಬೇಗ? ತನ್ನ ಸುರುಳಿಗಳನ್ನು ಕದ್ದು ಅವನವೆಂದು ತೋರಿಸಿಬಿಟ್ಟರೆ? ಮಾವ ಉಪಾಯ ಹೂಡಿದ. ಪ್ರತಿ ಸುರುಳಿಯ ಒಳಪದರದಲ್ಲಿ, ಅಕ್ಕಪಕ್ಕದ ಎರಡು ಸುತ್ತುಗಳಿಗೆ ಅಡ್ಡವಾಗಿ, ಚಾಕುವಿನ ಮೊನೆಯಿಂದ ಗುರುತಿಗೆ ಒಂದು ಗೆರೆ. ಮಗಳಿಗೂ ಹೇಳಲಿಲ್ಲ.

ಪರೀಕ್ಷೆಯ ದಿನ ಅಳಿಯನ ಉರುಳೆ ಸಂಜೆಯವರೆಗೂ ತಿರುಗಿತು. ಮಾವನದು ಅರ್ಧ ಗಂಟೆಗೇ ಹೊಗೆಯಾಡಿತು. ನೋಡಿದೆಯಾ, ಅಳಿಯ ಕೈಯಾಡಿಸಿಬಿಟ್ಟ ಎಂದು ಮಾವ ಒಳಗೊಳಗೇ ಹಲ್ಲು ಕಡಿದ.

ಅಳಿಯ ಮಾತ್ರ ಸುಟ್ಟ ಸುರುಳಿಯನ್ನು ಮೇಜಿನ ಮೇಲಿಟ್ಟು ಪದರ ಪದರವಾಗಿ ಬಿಚ್ಚಿದ. ಆಮೇಲೆ ಮಾವನ ಉರುಳೆಯಲ್ಲಿ ಸುಡದೆ ಉಳಿದವುಗಳಲ್ಲಿ ಎರಡನ್ನೂ ಬಿಚ್ಚಿದ. ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿ, ತಗ್ಗಿದ ದನಿಯಲ್ಲಿ, "ಮಾವ, ಇಲ್ಲಿ ನೂಲು ಕೊಯ್ದಿದೆ. ಬರೀ ತಾಮ್ರಕ್ಕೆ ತಾಮ್ರ ತಾಗಿದೆ. ಮೂರರಲ್ಲೂ ಅದೇ ಜಾಗ. ಯಾರೋ ಬೇಕಂತಲೇ ಮಾಡಿದ್ದು," ಎಂದ.

ತಂತಿಗೆ ನೂಲು ಹೊದಿಸುವ ಹೆಂಗಸಿನ ಕಡೆ ಅವನ ಕಣ್ಣು ಹೋಯಿತು. ಅಚ್ಚು, ಅರಗು ಬಂದರೆ ನೂಲು ಬೇಡವಾಗಿ ತನ್ನ ಕೆಲಸ ಹೋಗುತ್ತದೆಂದು ಅವಳು ಗೊಣಗಿದ್ದು ಎಲ್ಲರಿಗೂ ಗೊತ್ತಿತ್ತು. ಈಗಲೇ ಯಜಮಾನರಿಗೆ ಹೇಳಿಬರುತ್ತೇನೆಂದು ಅಳಿಯ ಎದ್ದ.

ಅವು ತನ್ನದೇ ಗೆರೆಗಳೆಂದು ಮಾವನಿಗೆ ಹೊಳೆಯಿತು. ಸುಮ್ಮನಿದ್ದರೆ ಸೋಲು ಅವಳ ತಲೆಗೆ ಸುತ್ತಿಕೊಳ್ಳುತ್ತದೆ, ತನಗೆ ಮತ್ತೊಂದು ಪರೀಕ್ಷೆಯೂ ಸಿಗಬಹುದು.

"ಕೂತ್ಕೋ. ಅದು ನನ್ನ ಚಾಕು."

"ನಿಮ್ಮದೇ ಸುರುಳಿಗೆ? ಯಾಕೆ ಮಾವ?"

"ನೀನು ಕದೀತೀಯ ಅಂತ."

ಅಳಿಯ ಮೇಜಿಗೆ ಮರಳಿದ. ಭೂತಗನ್ನಡಿ ಒರೆಸಿಟ್ಟ. ಹಲಗೆಯ ಮೇಲೆ ಒಣಗಲು ಉಳಿದಿದ್ದ ತನ್ನ ಬೇರೆ ಸುರುಳಿಗಳನ್ನು ಒಂದೊಂದಾಗಿ ಎತ್ತಿ, ಎಲ್ಲಾದರೂ ಚಾಕುವಿನ ಗೆರೆ ಇದೆಯೇ ಎಂದು ಬೆಳಕಿಗೆ ಹಿಡಿದು ಸುತ್ತಲೂ ತಿರುಗಿಸಿ ನೋಡತೊಡಗಿದ.