ಅರ್ಧ ಚಾಪೆ

ಯಜಮಾನರು ತೀರಿಕೊಂಡ ಮೇಲೆ ದೊಡ್ಡಮ್ಮನಿಗೆ ಒಂದೇ ಹಟ ಹಿಡಿಯಿತು: ಅವರ ಚಿತ್ರವನ್ನು ಒಣಹೂವಿನ ಎಸಳುಗಳಲ್ಲಿ ಅಂಟಿಸಿ ಮಾಡಬೇಕು. ಫೋಟೊಗಳಿಗೇನೂ ಕೊರತೆಯಿರಲಿಲ್ಲ. ಆದರೆ ಅವುಗಳಲ್ಲೆಲ್ಲ ಅವರು ಕೋಲು ನುಂಗಿದವರ ಹಾಗೆ ನೆಟ್ಟಗೆ ನಿಂತಿದ್ದರು. ಆಕೆಗೆ ಬೇಕಾಗಿದ್ದದ್ದು ದಿನಾ ಬೆಳಿಗ್ಗೆ ಪ್ರಾರ್ಥನೆಗೆ ತನ್ನ ಪಕ್ಕ ಕೂರುತ್ತಿದ್ದ ಮನುಷ್ಯ. ಅವರು ಕೂರುತ್ತಿದ್ದ ರೀತಿಯೇ ನೆನಪಿನಿಂದ ಜಾರತೊಡಗಿತ್ತು. ಅದೂ ಹೋದರೆ ತನಗೆ ಉಳಿಯುವುದೇನು ಎಂದು ಆಕೆ ಒಳಗೊಳಗೇ ಹೆದರಿದ್ದಳು.

ಬಾಲ್ಕನಿಯ ಗುಲಾಬಿ, ದಾಸವಾಳ, ಸೇವಂತಿಗೆಯ ಎಸಳುಗಳು ದಪ್ಪ ಪುಸ್ತಕಗಳ ನಡುವೆ ಒಣಗಿ ಕಾಗದದಂತಾಗಿದ್ದವು. ಬಣ್ಣ ಸಿಕ್ಕಿತು, ಅವರ ಮೈಯ ಆಕಾರ ಮಾತ್ರ ಕೈಗೆ ಹತ್ತಲಿಲ್ಲ.

"ಇದು ದೊಡ್ಡಪ್ಪನಾ, ಹೂಕೋಸಾ?" ಎಂದಳು ಜೊತೆಯಲ್ಲಿದ್ದ ತಂಗಿಯ ಮಗಳು.

"ಬಾಯಿಗೆ ಬೀಗ ಹಾಕೇ. ನಿನ್ನ ಕೈಲಿ ಒಂದು ಗೆರೆಯಾದರೂ ನೆಟ್ಟಗೆ ಬರುತ್ತಾ?"

ಬೈಸಿಕೊಂಡ ಹುಡುಗಿಯೇ ಲ್ಯಾಪ್‌ಟಾಪ್ ತಂದಿಟ್ಟು ಆನ್‌ಲೈನ್ ಚಿತ್ರತರಗತಿಗೆ ಆಕೆಯನ್ನು ಸೇರಿಸಿದಳು. ವಾರಕ್ಕೊಂದು ಬೆಳಿಗ್ಗೆ ಯಾರೋ ಒಬ್ಬ ಮಾಡೆಲ್ ತಮ್ಮ ಮನೆಯಲ್ಲೇ ಕದಲದೆ ಕೂರುವುದು, ಊರೂರಿನವರು ಪರದೆಯಲ್ಲಿ ನೋಡಿ ಬರೆಯುವುದು.

ಒಂದು ದಿನ ಮಾಡೆಲ್ ಬರಲಿಲ್ಲ. ಮೇಷ್ಟ್ರು ಕಾಯಿರಿ ಎಂದರು. ಪ್ರಾರ್ಥನೆಯ ಹೊತ್ತು ಮೀರುತ್ತದೆಂದು ದೊಡ್ಡಮ್ಮ ಲ್ಯಾಪ್‌ಟಾಪಿನ ಧ್ವನಿಯನ್ನು ಪೂರ್ತಿ ತಗ್ಗಿಸಿ, ಅಲ್ಲಿಗೆ ಕ್ಯಾಮೆರಾವೂ ಆರಿತೆಂದುಕೊಂಡು, ಹಿಂದಿನ ಗೋಡೆಯ ಬಳಿ ಚಾಪೆ ಹಾಸಿ ಕಣ್ಣು ಮುಚ್ಚಿದಳು.

ಮುಗಿಸಿ ಬಂದು ಧ್ವನಿ ಏರಿಸಿದರೆ, ಪರದೆಯ ತುಂಬ ಬಗ್ಗಿದ ತಲೆಗಳು.

"ಅಯ್ಯೋ, ಎದ್ದುಬಿಟ್ರಾ? ಇನ್ನೊಂದು ಗಳಿಗೆ ಕೂತಿದ್ರೆ ನನ್ನದು ಮುಗೀತಿತ್ತು!" ಎಂದಳು ಒಬ್ಬ ಹೆಂಗಸು.

ದೊಡ್ಡಮ್ಮನ ಮುಖ ಕೆಂಪೇರಿತು. "ದೇವರ ಮುಂದೆ ಕೂತವಳನ್ನ ಕೇಳದೆ ಬರೆಯೋದೇನ್ರಿ?"

"ತಪ್ಪಾಯ್ತಮ್ಮ," ಮೇಷ್ಟ್ರು ತಡಬಡಾಯಿಸಿದರು. "ಯಾರಾದರೂ ಕೂರ್ತೀರಾ ಅಂತ ಕೇಳಿದೆ. ನೀವು ಎದ್ದು ಹೋಗಿ ಕೂತ್ರಿ. ಒಪ್ಪಿಕೊಂಡ್ರಿ ಅಂದ್ಕೊಂಡ್ವಿ. ಬೇಡ ಅಂದ್ರೆ ಎಲ್ಲಾ ಹರಿಸಿಬಿಡ್ತೀನಿ."

"ಮೊದಲು ತೋರಿಸಿ. ಆಮೇಲೆ ಹರಿಯೋದು."

ಒಬ್ಬೊಬ್ಬರೂ ಹಾಳೆ ಎತ್ತಿ ಹಿಡಿದರು. ಒಬ್ಬರ ಕೈಯಲ್ಲಿ ಆಕೆ ಹುಡುಗಿಯಾಗಿದ್ದಳು, ಇನ್ನೊಬ್ಬರ ಕೈಯಲ್ಲಿ ಗುಡ್ಡವಾಗಿದ್ದಳು. ಒಂದು ವಿಷಯದಲ್ಲಿ ಮಾತ್ರ ಎಲ್ಲರ ಕಣ್ಣೂ ಒಂದನ್ನೇ ಕಂಡಿತ್ತು. ದೊಡ್ಡಮ್ಮ ಚಾಪೆಯ ಒಂದು ಅಂಚಿಗೆ ಒತ್ತಿಕೊಂಡು ಕೂತಿದ್ದಳು, ಮಂಡಿ ನೆಲಕ್ಕೆ ಇಳಿದಿತ್ತು. ಉಳಿದರ್ಧ ಚಾಪೆ ಖಾಲಿ.

"ನಡುವೆ ಕೂರಬಾರದಾ ಅಮ್ಮ? ನೆಲ ತಣ್ಣಗಿರಲ್ವಾ?" ಎಂದು ಅದೇ ಹೆಂಗಸು ಕೇಳಿದಳು.

ಬಾಗಿಲಲ್ಲಿ ನಿಂತಿದ್ದ ಹುಡುಗಿ ಹತ್ತಿರ ಬಂದಳು. ಕೇಳಿದವರಿಗೆಲ್ಲ ಅವರಿಲ್ಲದ್ದು ಈಗ ಅಭ್ಯಾಸವಾಗಿದೆ ಎನ್ನುತ್ತಿದ್ದ ದೊಡ್ಡಮ್ಮ ಆ ಖಾಲಿ ಜಾಗವನ್ನೇ ನೋಡುತ್ತ ನಿಂತಳು. ಪ್ರತಿ ಹಾಳೆಯಲ್ಲೂ ಆಕೆಯ ಮುಖ ಅತ್ತಲೇ ವಾಲಿತ್ತು, ತುಟಿ ತುಸು ತೆರೆದಿತ್ತು. ಯಜಮಾನರಿಗೆ ಕಿವಿ ಮಂದ. ಪ್ರಾರ್ಥನೆಯ ಮಾತು ತಪ್ಪಿಹೋಗಬಾರದೆಂದು ಆಕೆ ಅವರ ಕಿವಿಯ ಬಳಿಯೇ ಹೇಳುತ್ತಿದ್ದಳು, ಅವರು ಭುಜ ಇಳಿಸಿ ಇತ್ತ ಬಾಗುತ್ತಿದ್ದರು. ತನ್ನ ಬಾಯಿ ಇಲ್ಲಿದ್ದರೆ ಅವರ ಕಿವಿ ಇಲ್ಲಿ. ಕಿವಿ ಇಲ್ಲಿದ್ದರೆ ಭುಜ ಇಷ್ಟು ಕೆಳಗೆ.

"ಹೀಗೇ ಕೂರ್ತಿದ್ರು ಕಣೇ," ಎಂದು ಆಕೆ ಹುಡುಗಿಯ ಕೈ ಹಿಡಿದಳು. ಆಮೇಲೆ ಪರದೆಯತ್ತ ತಿರುಗಿ, "ಹರಿಯಬೇಡಿ ಮೇಷ್ಟ್ರೇ. ದೇವರು ದೊಡ್ಡವನು. ನನಗೊಂದು ಕಳಿಸಿಕೊಡಿ," ಎಂದಳು.

ಬಂದ ಚಿತ್ರವನ್ನು ಹುಡುಗಿ ದೊಡ್ಡ ಹಾಳೆಯಲ್ಲಿ ಅಚ್ಚು ಹಾಕಿಸಿ ತಂದಳು. ದೊಡ್ಡಮ್ಮ ಖಾಲಿ ಅರ್ಧಕ್ಕೆ ಅಂಟು ಸವರಿ, ಗುಲಾಬಿಯ ಒಂದು ಎಸಳನ್ನು ಚಿಮಟದಲ್ಲಿ ಎತ್ತಿ, ತನ್ನ ತುಟಿಯ ನೇರಕ್ಕೆ ಇಟ್ಟಳು.

"ಕಿವಿ ಸ್ವಲ್ಪ ದೊಡ್ಡದಾಯ್ತು, ದೊಡ್ಡಮ್ಮ."

"ಆಗಲಿ ಬಿಡೇ, ಇನ್ನಾದರೂ ಚೆನ್ನಾಗಿ ಕೇಳಿಸಲಿ," ಎಂದು ದೊಡ್ಡಮ್ಮ ಭುಜಕ್ಕೆ ಎಸಳು ಹುಡುಕತೊಡಗಿದಳು.